ನಮ್ಮ ಛಾವಣಿಗೂ ಬಿಳಿ ಬಳಿದೆ

ಬೆಹರಾಂಪುರ, ಅಹಮದಾಬಾದ್
ಏಪ್ರಿಲ್ ೯

ಮಗಳು ಹೇತಲ್‌ಗೆ ಬಾಪುವಿನ ಆಶೀರ್ವಾದ.

ಇಲ್ಲಿ ನಾನೂ ನಿನ್ನ ಅಮ್ಮನೂ ಕ್ಷೇಮ. ಮೆಹಸಾಣಾದಲ್ಲಿ ನಿನ್ನ ಅತ್ತೆ, ಅಳಿಯ ಕಿರೀಟ್‌ಕುಮಾರ್ ಎಲ್ಲರೂ ಆರಾಮ ಎಂದುಕೊಂಡಿದ್ದೇನೆ. ಹೋಳಿ ಕಳೆದ ಕೂಡಲೇ ಬರೆಯಬೇಕೆಂದಿದ್ದೆ, ತಡವಾಯಿತು, ಸಿಟ್ಟಾಗಬೇಡ. ಫೋನಿದ್ದೂ ಕಾಗದ ಏಕೆ ಎನ್ನುತ್ತೀಯ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿಗೆ ತಮಾಷೆಯೇ ಬರುತ್ತದೆ. ನೀನು ನಗುತ್ತೀಯ, ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ.

ಮೊದಲು ಸುದ್ದಿ. ನಮ್ಮ ತಗಡಿನ ಛಾವಣಿಗೆ ಸೆಕೆ ತಡೆಯುವ ಬಿಳಿ ಬಣ್ಣ ಬಳಿದೆ. ಮೇಲಿದ್ದ ಟೈರು, ಇಟ್ಟಿಗೆ, ನಿನ್ನ ಹಳೆಯ ಸೈಕಲ್ಲಿನ ಚಕ್ರ, ನಾಲ್ಕು ಸಂಕ್ರಾಂತಿಯ ಗಾಳಿಪಟದ ದಾರ, ಎಲ್ಲ ಕೆಳಗಿಳಿಸಿದೆ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ತೊಳೆದು, ಒಂದು ದಿನ ಒಣಗಲು ಬಿಟ್ಟೆ. ಬೆಳಿಗ್ಗೆ ಆರಕ್ಕೇ ಏರಬೇಕು. ತಗಡು ಕಾದಮೇಲೆ ಬಳಿದರೆ ಬಣ್ಣ ಗುಳ್ಳೆ ಏಳುತ್ತದೆ. ಮೊದಲ ಬಳಿತ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಬಿಸಿಲೇರಿದಾಗ ಆ ಬಿಳುಪು ಕಣ್ಣು ಚುಚ್ಚುತ್ತದೆಂದು ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದೆ. ಅಗರಬತ್ತಿ ಹೊಸೆಯುವ ಪಕ್ಕದ ಮನೆಯ ಜಸಿಬೇನ್ ಕೆಳಗಿಂದಲೇ ಶುರುಮಾಡಿದಳು.

"ನಾಥಾಭಾಯಿ, ಕನ್ನಡಕ ನೋಡಿದ್ರೆ ಹೀರೋ. ಸೊಂಟ ನೋಡಿದ್ರೆ ಹೀರೋನ ತಾತ."

"ಮೇಲೆ ಬಾ ಜಸಿಬೇನ್, ನಿನ್ನ ತಲೆಗೂ ಎರಡು ಕೈ ಬಳೀತೀನಿ. ತಂಪಾಗುತ್ತೆ."

"ನನ್ನ ತಲೆ ಆಗ್ಲೇ ಬೆಳ್ಳಗಾಗಿದೆ, ತಂಪೇನೂ ಆಗಿಲ್ಲ. ಹೋದ ವರ್ಷ ನನ್ನ ತಗಡಿಗೆ ಬಳಿದ್ರಲ್ಲ, ಅವತ್ತಿಂದ ಪಾಪಡ್ ಬೇಗ ಒಣಗ್ತಿಲ್ಲ. ಅದನ್ನ ಯಾರ ಹತ್ರ ಹೇಳ್ಲಿ?"

ಪಾಪಡ್‌ಗೆ ಬೇರೆ ಜಾಗ ಹುಡುಕಿಕೊಂಡಿದ್ದಾಳೆ. ಈಗ ಮಧ್ಯಾಹ್ನವೂ ಒಳಗೇ ಕೂತು ಅಗರಬತ್ತಿ ಹೊಸೆಯುತ್ತಾಳೆ, ಮೊದಲು ಮೂರು ಗಂಟೆ ಬೇವಿನ ಕೆಳಗೆ ಕೂತು ಬೀಸಣಿಗೆ ಬೀಸುತ್ತಿದ್ದಳು.

ನಮ್ಮ ಮನೆಯೊಳಗೆ ಉಷ್ಣಮಾಪಕ ತೂಗುಹಾಕಿದ್ದೇನೆ. ಬಳಿಯುವ ಮೊದಲು ಮಧ್ಯಾಹ್ನ ನಲವತ್ತೆರಡು ತೋರಿಸುತ್ತಿತ್ತು, ಈಗ ಮೂವತ್ತೇಳು. ಏಸಿ ಆಯಿತೆಂದು ಸುಳ್ಳು ಹೇಳುವುದಿಲ್ಲ. ಆದರೆ ನಡುಮಧ್ಯಾಹ್ನ ತಗಡಿಗೆ ಒಳಗಿಂದ ಅಂಗೈ ಒತ್ತಿ ಇಪ್ಪತ್ತು ಎಣಿಸಿದೆ, ಸುಡಲಿಲ್ಲ. ಈ ಸಲ ಕೂಲರ್ ಬಾಡಿಗೆಗೆ ತಂದಿಲ್ಲ. ರಾತ್ರಿ ಫ್ಯಾನನ್ನು ಎರಡನೇ ಸ್ಪೀಡಿನಲ್ಲಿ ಇಟ್ಟರೆ ಸಾಕು, ಕರೆಂಟೂ ಉಳಿಯುತ್ತಿದೆ.

ಕಿರೀಟ್‌ಕುಮಾರ್ ಫೋನ್ ಮಾಡಿದ್ದರು. ಏಳು ತಿಂಗಳು ತುಂಬುತ್ತಿದೆ, ಹೆರಿಗೆಗೆ ತವರಿಗೇ ಹೋಗಲಿ ಎಂದು ನಿನ್ನ ಅತ್ತೆ ಅಂದರಂತೆ. ನೀನು "ಆ ಮನೆಗೆ ಕಾಲಿಡಲ್ಲ" ಎಂದೆಯಂತೆ. ಸರಿಯಾಗಿಯೇ ಹೇಳಿದ್ದೀ. ಹೋದ ವೈಶಾಖದಲ್ಲಿ ನೀನು ಈ ತಗಡಿನ ಕೆಳಗೆ ಒದ್ದೆ ಸೀರೆ ಹೊದ್ದು ಹಗಲೆಲ್ಲ ನೆಲಕ್ಕೆ ಕೆನ್ನೆಯಿಟ್ಟು ಮಲಗಿರುತ್ತಿದ್ದೆ. ಎಂಟು ತಿಂಗಳಿಗೇ ಹೆರಿಗೆಯಾಯಿತು. ಮಗು ಎರಡು ದಿನ ಇತ್ತು. ತಾಯಿಗೆ ಸೆಕೆ ಬಡಿದಿತ್ತು ಎಂದರು ಡಾಕ್ಟರು. ಅದರ ಪುಟ್ಟ ಕೈ ನನ್ನ ಬೆರಳು ಹಿಡಿದದ್ದನ್ನು ನಾನು ಯಾರಿಗೂ ಹೇಳಿಲ್ಲ.

ಅಂದಿನಿಂದ ನೀನು ಅಮ್ಮನ ಜೊತೆ ಮಾತು ಬಿಟ್ಟಿದ್ದೀ. ಓಣಿಯಲ್ಲಿ ಹತ್ತೊಂಬತ್ತು ಛಾವಣಿ ಬಳಿದ ಅಪ್ಪ ತನ್ನದೊಂದನ್ನು ಬಿಟ್ಟದ್ದು ಅಮ್ಮನ ಮಾತಿಗೆ ಎಂದು ನಿನ್ನ ಸಿಟ್ಟು. ಬಿಳಿ ಸಾವಿನ ಮನೆಯ ಬಣ್ಣ, ಬಸುರಿಯ ತಲೆಯ ಮೇಲೆ ಹಾಸಬಾರದು ಎಂಬ ಮಾತಿಗೆ.

ಈ ಸಲ ಬಣ್ಣದ ಡಬ್ಬಿಯನ್ನು ಏಣಿಯ ಕೆಳಗಿಂದ ಎತ್ತಿ ಎತ್ತಿ ಕೊಟ್ಟವಳು ಅವಳೇ. ಮುಗಿದಮೇಲೆ ಒಳಗೆ ಹೋಗಿ, ನೀನು ಮಲಗುತ್ತಿದ್ದ ಮೂಲೆಯಲ್ಲಿ ಒಂದು ಗಂಟೆ ಮಲಗಿ ಎದ್ದು ಬಂದು, "ಮಲಗಬಹುದು" ಎಂದಳು. ಅಷ್ಟೇ.

ಬಾ ಎಂದು ಬಲವಂತ ಮಾಡುವುದಿಲ್ಲ. ಎಲ್ಲಿ ಹೆತ್ತರೂ ಸುಖವಾಗಿ ಹೆರು. ಬಿಸಿಲಲ್ಲಿ ಓಡಾಡಬೇಡ, ಮಜ್ಜಿಗೆ ಕುಡಿ, ಅತ್ತೆಯ ಮಾತು ಕೇಳು. ಮೇಲ್ಡಿ ಮಾತೆ ನಿನ್ನ ಮಡಿಲು ಕಾಯಲಿ.

ನಿನ್ನ ಬಾಪು
ನಾಥಾ

ಮರೆತದ್ದು: ಮರೆತದ್ದಲ್ಲ, ಸಹಿ ಹಾಕಿದಮೇಲೆ ಧೈರ್ಯ ಬಂತು. ಬಿಳಿ ಹಾಸಬಾರದೆಂಬ ಆ ಮಾತು ಅಮ್ಮ ಆಡಿದ್ದಲ್ಲ. ನೀನು ಬರುವ ಮುಂಚೆಯೇ ಅವಳು ಬಣ್ಣ ತರಿಸಿಟ್ಟಿದ್ದಳು. "ಹುಡುಗಿ ಬರ್ತಾಳೆ, ಮೊದಲು ನಮ್ಮದು ಬಳೀರಿ" ಎಂದು ದಿನಾ ಹೇಳಿದಳು. "ತುಂಬಿದ ಮಡಿಲಿನ ಮೇಲೆ ಬಿಳಿ ಹಾಸೋಕೆ ನಿನಗೆ ಬುದ್ಧಿ ಇಲ್ವಾ? ಹೆರಿಗೆ ಆಗ್ಲಿ, ಆಮೇಲೆ ನೋಡೋಣ" ಎಂದವನು ನಾನು. ಆ ಬಣ್ಣವನ್ನು ತೆಗೆದುಕೊಂಡು ಹೋಗಿ ಜಸಿಬೇನಳ ತಗಡಿಗೆ ಬಳಿದೆ. ಆಸ್ಪತ್ರೆಯಲ್ಲಿ ನೀನು "ಯಾರು ಬೇಡ ಅಂದದ್ದು?" ಎಂದು ಕೇಳಿದಾಗ ನಾನು ನೆಲ ನೋಡಿದೆ, ಅವಳು "ನಾನು" ಎಂದಳು. ಹೊರಗೆ ಬಂದು ಏಕೆ ಎಂದು ಕೇಳಿದೆ. "ಅವಳನ್ನ ನಗಿಸೋನು ನೀವೊಬ್ರೇ. ನಿಮ್ಮನ್ನೂ ಕಳ್ಕೊಂಡ್ರೆ ಅವಳಿಗೆ ಈ ಮನೇಲಿ ಇನ್ಯಾರು?" ಎಂದಳು. ಹನ್ನೊಂದು ತಿಂಗಳು ನಾನು ನಿನ್ನನ್ನು ನಗಿಸುತ್ತಾ ಬಂದೆ. ಅವಳು ಪಕ್ಕದಲ್ಲಿ ಕೂತು ಫೋನಿನಿಂದ ಬರುವ ನಿನ್ನ ದನಿ ಕೇಳುತ್ತಿದ್ದಳು. ಈ ಸಲ ಫೋನ್ ಮಾಡಿದರೆ ಅಮ್ಮನಿಗೆ ಕೊಡಿ ಎನ್ನು. ಕೊಟ್ಟು ನಾನು ಹೊರಗೆ ಹೋಗುತ್ತೇನೆ.