ನಮ್ಮ ಪಾಲಿನ ಓಟು

ಮಧುಗಿರಿ
೧೪ ಡಿಸೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಶ್ವಿನಿ,

ನೀನು, ನಿಮ್ಮನೆಯವರು, ಮಕ್ಕಳು ಎಲ್ಲರೂ ಆರಾಮವಾಗಿದ್ದೀರಿ ಅಂದುಕೊಂಡಿದ್ದೇನೆ. ಯುಗಾದಿಯಲ್ಲಿ ನೀನು ಬರೆದ ಪತ್ರಕ್ಕೆ ಧನುರ್ಮಾಸ ಬರುವ ಹೊತ್ತಿಗೆ ಉತ್ತರ ಬರೆಯುತ್ತಿದ್ದೇನೆ. ಬಯ್ದುಕೊಂಡಿರುತ್ತೀಯ, ಬಯ್ಯಿ. ನಡುವೆ ನಾಲ್ಕಾರು ಸಲ ಫೋನು ಮಾಡಿದೆನಲ್ಲ ಅನ್ನಬಹುದು. ಆದರೆ ಅಂಗಡಿಯಲ್ಲಿ ಕೂತು ಫೋನು ಮಾಡಿದರೆ ಅರ್ಧ ಮಾತು ನಿನಗೆ, ಅರ್ಧ ಮಾತು ಕೆಪಾಸಿಟರ್ ಕೇಳಲು ಬಂದವರಿಗೆ. ಇವತ್ತು ಅಂಗಡಿಗೆ ರಜ. ಓಟಿನ ಗಲಾಟೆಯನ್ನು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆನಲ್ಲ, ಈಗ ಎಲ್ಲವನ್ನೂ ಮೊದಲಿಂದ ಹೇಳುತ್ತೇನೆ, ಕಾಫಿ ಮಾಡಿಕೊಂಡು ಕೂತುಕೋ.

ಮೊದಲು ಸುದ್ದಿ. ಅಂಗಡಿ ನಮ್ಮದಾಯಿತು! ಬಾಡಿಗೆಯ ಅಂಗಡಿಯಲ್ಲ, ಅದೇ ಮಳಿಗೆ, ಅದೇ ಶಟರು, ಈಗ ನನ್ನ ಮತ್ತು ಇವರ ಹೆಸರಿಗೆ. ಮೊನ್ನೆ ಗುರುವಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ಬಂದೆವು. ಸಾಲ ಒಂದು ರೂಪಾಯಿ ಇಲ್ಲ. ಹೇಗೆ ಅಂತೀಯ? ಪಂಪಿನ ಷೇರಿನಿಂದ. ಹೌದು, ನೀನು "ಅದೇನು ಹುಚ್ಚೇ ನಿನಗೆ" ಅಂದಿದ್ದೆಯಲ್ಲ, ಅದೇ ಷೇರು.

ನಮ್ಮದು ಮೋಟಾರ್ ಕಾಯಿಲ್ ಸುತ್ತುವ ಅಂಗಡಿ. ಇವರು ಒಳಗೆ ತಂತಿ ಸುತ್ತುತ್ತಾರೆ, ನಾನು ಹೊರಗೆ ಗಲ್ಲಾ ನೋಡಿಕೊಳ್ಳುತ್ತೇನೆ. ಬೋರ್‌ವೆಲ್ಲಿನ ಯಾವ ಕಂಪನಿಯ ಮೋಟಾರು ಎಷ್ಟು ಬೇಗ ಸುಟ್ಟು ಬರುತ್ತದೆ ಅನ್ನುವುದು ದಿನಾ ಕಣ್ಣಿಗೆ ಬೀಳುತ್ತದೆ. ನಿರ್ಝರಿ ಪಂಪ್ಸ್ ಅಂತ ಒಂದು ಕಂಪನಿ. ಅವರ ಮೋಟಾರು ಬರುವುದೇ ಅಪರೂಪ. ಮೂರು ವರ್ಷದ ಹಿಂದೆ ನಮ್ಮ ಕಡೆ ಕೆರೆಗಳೆಲ್ಲ ಕೋಡಿ ಬಿದ್ದವಲ್ಲ, ಆಗ ಹೊಸ ಪಂಪು ಕೊಳ್ಳುವವರೇ ಇಲ್ಲವಾಗಿ ಆ ಕಂಪನಿಯ ಷೇರಿನ ಬೆಲೆ ಪಾತಾಳಕ್ಕೆ ಇಳಿಯಿತು. ನಾನು ಅದರ ವಾರ್ಷಿಕ ವರದಿ ತರಿಸಿ ಓದಿದೆ. ಬಿ.ಕಾಂ. ಓದಿದ್ದು ಆಗಲಾದರೂ ಉಪಯೋಗಕ್ಕೆ ಬಂತು. ಕಂಪನಿಗೆ ಸಾಲವಿಲ್ಲ. ಅದು ಬ್ಯಾಂಕಿನಲ್ಲಿಟ್ಟ ಹಣವನ್ನೇ ಷೇರುಗಳಿಗೆ ಹಂಚಿದರೆ ಪೇಟೆಯ ಬೆಲೆಯ ಅರ್ಧಕ್ಕೂ ಮೇಲಾಗುತ್ತಿತ್ತು. ಉಳಿದರ್ಧ ಬೆಲೆಗೆ ಇಡೀ ಕಾರ್ಖಾನೆ! ಮಳೆ ಬಂತು ಅಂತ ಯಾರಾದರೂ ಬೋರ್‌ವೆಲ್ ಮುಚ್ಚುತ್ತಾರಾ? ಇವತ್ತಲ್ಲ ನಾಳೆ ಮೋಟಾರು ಬೇಕೇ ಬೇಕು.

ಆಗ ಮನೆಯಲ್ಲಿ ಆದ ರಂಪ ನಿನಗೆ ಗೊತ್ತು. ಮಾವ ನಾಗಲಿಂಗಯ್ಯನವರು ಕೂಡಿಟ್ಟ ಹಣದಲ್ಲಿ ಬಡಾವಣೆಯಲ್ಲಿ ಸೈಟು ಕೊಳ್ಳಬೇಕು ಅಂತ ಪಟ್ಟು ಹಿಡಿದರು. ಇವರಿಗೆ ಹಳೇ ಕಾರು ಕೊಟ್ಟು ಹೊಸದು ತರುವ ಆಸೆ. ನಾನು ಎರಡಕ್ಕೂ ಒಪ್ಪಲಿಲ್ಲ. ಮಗಳು ಭವ್ಯಳ ಕಾಲೇಜಿನ ಶುಲ್ಕ, ಒಂದು ವರ್ಷದ ಮನೆಖರ್ಚು ಪೋಸ್ಟಾಫೀಸಿನಲ್ಲಿಟ್ಟು, ಇವರ ಹೆಸರಿಗೆ ವಿಮೆ ಮಾಡಿಸಿ, ಮಿಕ್ಕಿದ್ದರಲ್ಲಿ ತಿಂಗಳು ತಿಂಗಳು ಆ ಷೇರು ಕೊಂಡೆ. ಸ್ವಲ್ಪ ಇವರ ಹೆಸರಿಗೆ, ಹೆಚ್ಚು ನನ್ನ ಹೆಸರಿಗೆ. "ಕೈಯಲ್ಲಿ ಹಿಡ್ಕೊಳಾಕೂ ಬರಲ್ಲ, ತುಳಿದು ನಿಲ್ಲಾಕೂ ಬರಲ್ಲ, ಅದೆಂಥ ಆಸ್ತಿ ಕಣಮ್ಮ?" ಅಂತ ಮಾವ ಬಂದವರ ಎದುರಿಗೆಲ್ಲ ಕೇಳುತ್ತಿದ್ದರು. ನಾನು ನಕ್ಕು ಸುಮ್ಮನಾಗುತ್ತಿದ್ದೆ.

ಮಳೆ ಮತ್ತೆ ಹಿಂದೆ ಸರಿಯಿತು, ಪಂಪು ಬಿಕರಿಯಾದವು, ಬೆಲೆ ನಿಧಾನಕ್ಕೆ ಏರಿತು. ಎಲ್ಲ ಚೆನ್ನಾಗಿತ್ತು, ಈ ಆಗಸ್ಟಿನವರೆಗೆ.

ಆಗಸ್ಟಿನಲ್ಲಿ ಕಂಪನಿಯಿಂದ ಇಮೇಲಿನಲ್ಲಿ ವಾರ್ಷಿಕ ಸಭೆಯ ನೋಟಿಸು ಬಂತು. ಎಲ್ಲರೂ ನೋಡದೆ ಅಳಿಸಿ ಹಾಕುವಂಥದ್ದು. ಅದರ ಕೊನೆಯಲ್ಲಿ ಒಂದು ನಿರ್ಣಯ. ಕಂಪನಿಯ ಅಧ್ಯಕ್ಷರ ಅಳಿಯನದೊಂದು ಪೈಪಿನ ಕಾರ್ಖಾನೆ ಇದೆಯಂತೆ, ಅದನ್ನು ನಮ್ಮ ಕಂಪನಿ ಕೊಳ್ಳಬೇಕಂತೆ. ಬೆಲೆ ನೋಡಿದೆ. ನಮ್ಮ ಕಂಪನಿ ಇಷ್ಟು ವರ್ಷ ಬ್ಯಾಂಕಿನಲ್ಲಿ ಕೂಡಿಟ್ಟದ್ದೆಲ್ಲ ಒಂದೇ ಏಟಿಗೆ ಖಾಲಿ. ಆ ಕಾರ್ಖಾನೆಯೋ ಮೂರು ವರ್ಷದಿಂದ ನಷ್ಟದಲ್ಲಿ.

ಆದರೆ ಕಾನೂನಿನಲ್ಲಿ ಒಂದು ಬಾಗಿಲಿದೆ. ಸ್ವಂತದವರ ಜೊತೆಗಿನ ಇಂಥ ವ್ಯವಹಾರಕ್ಕೆ ಅಧ್ಯಕ್ಷರು, ಅವರ ಮನೆಯವರು ಓಟು ಹಾಕುವ ಹಾಗಿಲ್ಲ. ನಮ್ಮಂಥ ಹೊರಗಿನ ಷೇರುದಾರರೇ ಒಪ್ಪಬೇಕು. ನಾವು ಯಾರೂ ಓಟು ಹಾಕುವುದಿಲ್ಲ ಅನ್ನುವುದು ಅವರ ಧೈರ್ಯ. ನನಗೆ ಥಟ್ಟನೆ ನೆನಪಾಯಿತು: ಈ ಕಂಪನಿ ಮೊದಲು ಷೇರು ಬಿಟ್ಟಾಗ ನಮ್ಮ ನಾಲ್ಕು ತಾಲ್ಲೂಕಿನ ಪಂಪು ಮೆಕ್ಯಾನಿಕ್ಕರು, ಅಂಗಡಿಯವರು ಅಷ್ಟಿಷ್ಟು ಕೊಂಡಿದ್ದರು. ಮೋಟಾರಿನ ಮೇಲಿನ ನಂಬಿಕೆಗೆ ಕೊಂಡವರು. ಹಲವರು ಮರೆತೇ ಬಿಟ್ಟಿದ್ದರು.

ಇವರಿಗೆ ಹೇಳಿದೆ. ತಂತಿ ಸುತ್ತುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಅಷ್ಟು ದೊಡ್ಡವ್ರ ಎದುರು ನಾವು ಏನ್ ಮಾಡಾಕಾಯ್ತದೆ ಕಣೆ?" ಅಂದರು. "ಓಟು ಹಾಕಾಕಾಯ್ತದೆ" ಅಂದೆ. ಕೈಯಲ್ಲಿದ್ದ ತಂತಿ ಕೆಳಗಿಟ್ಟು "ಸರಿ, ಬೈಕ್ ತೆಗೀತೀನಿ" ಅಂದರು.

ಅಲ್ಲಿಂದ ಶುರುವಾಯಿತು ನೋಡು ನಮ್ಮ ಓಡಾಟ. ಬೆಳಿಗ್ಗೆ ಅಂಗಡಿ ತೆರೆದು, ಮಧ್ಯಾಹ್ನ ಮುಚ್ಚಿ ಹೊರಡುವುದು. ಮೊದಲು ದೊಡ್ಡೇರಿಯ ದಾಸಯ್ಯ. ಬೋರ್‌ವೆಲ್ಲಿನಿಂದ ಮೋಟಾರು ಎತ್ತುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಷೇರಿನ ವಿಷಯ ಎತ್ತಿದರೆ, "ಅಯ್ಯೋ ಬುಡಮ್ಮ, ಅದು ಯಾವತ್ತೋ ಮುಳುಗೋಗದೆ ಅನ್ಕಂಡಿದ್ದೆ" ಅಂದರು. ಇವತ್ತಿನ ಬೆಲೆ ಹೇಳಿದೆ. ಜಗುಲಿಯ ಮೇಲೆ ಕೂತವರು ಎದ್ದು ನಿಂತುಬಿಟ್ಟರು. "ಹೆಂಗಮ್ಮ? ನಿಜವೇನಮ್ಮ? ಲೇ ಇವಳೇ, ಬಾರೇ ಇಲ್ಲಿ, ಕೇಳಿದ್ಯಾ?" ಅಂತ ಹೆಂಡತಿಯನ್ನು ಕೂಗಿದರು. ಆಮೇಲೆ ಮೆತ್ತಗೆ ಕೇಳಿದರು: "ಮಾರಿಬುಡ್ಲಾ?" ನಾನು ಹೇಳಿದೆ, ಮಾರುವುದು ಬಿಡುವುದು ನಿಮ್ಮಿಷ್ಟ, ಆದರೆ ನಿಮ್ಮ ಪಾಲಿನ ಹಣವನ್ನು ಯಾರೋ ಅಳಿಯನಿಗೆ ಕೊಡುತ್ತಿದ್ದಾರೆ, ಮೊದಲು ಅದನ್ನು ತಡೆಯೋಣ. ಆ ಮಾತು ಅವರಿಗೆ ನಾಟಿತು. ಅವತ್ತಿನಿಂದ ನನಗಿಂತ ಹೆಚ್ಚು ಅವರೇ ಓಡಾಡಿದರು.

ಶಿರಾದಲ್ಲಿ ಬಾಬಾಜಾನ್ ಸಾಹೇಬರು ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರಿಸಿ ಚಹಾ ಕೊಟ್ಟು, "ನಮ್ದೂ ಹಕ್ ಐತೆ ಅಂತ ಇಷ್ಟು ವರ್ಷ ಒಬ್ರೂ ಹೇಳಿರ್ಲಿಲ್ಲಮ್ಮ" ಅಂದರು. ಪಾವಗಡದಲ್ಲಿ ಗಂಗಹನುಮಯ್ಯನವರು ಮಾತ್ರ ಒಂದು ಗಂಟೆ ಸತಾಯಿಸಿದರು. "ಓಟೇ ಕದಮ್ಮ? ಓಟಿಗೆ ಏಮಿಸ್ತಾರು?" ಅಂತ, ಓಟಿಗೆ ಏನು ಕೊಡುತ್ತೀರಿ ಅಂತ, ತಮ್ಮ ತೆಲುಗಿನಲ್ಲಿ ನಗುತ್ತಾ ಕೇಳಿದರು. "ಏನೂ ಕೊಡಲ್ಲ, ನಿಮ್ಮ ದುಡ್ಡು ನಿಮ್ಮಲ್ಲೇ ಉಳೀತದೆ ಅಷ್ಟೇ" ಅಂದೆ. "ಅದಿ ಚಾಲು ತಲ್ಲಿ, ಅಷ್ಟು ಸಾಕು ತಾಯಿ" ಅಂದು ಫೋನು ನನ್ನ ಕೈಗಿತ್ತರು.

ಫೋನಿನಲ್ಲಿ ಓಟು ಹಾಕುವುದೇನು ಸುಲಭವೇ? ಒಬ್ಬರ ಷೇರಿನ ಡಿಮ್ಯಾಟ್ ಖಾತೆಯಲ್ಲಿ ಹಳೇ ಫೋನ್ ನಂಬರು, ಇನ್ನೊಬ್ಬರ ಖಾತೆಯಲ್ಲಿ ಹೆಸರೇ ತಪ್ಪು, ಕೊರಟಗೆರೆಯ ಒಬ್ಬರಿಗೆ ಒಟಿಪಿ ಬಂದರೆ ಅದು ಚನ್ನರಾಯನದುರ್ಗದಲ್ಲಿರುವ ಮಗಳ ಫೋನಿಗೆ! ಎಲ್ಲರ ಮುಂದೆ ಕೂತು, ಗುಂಡಿ ಅವರ ಕೈಯಲ್ಲೇ ಒತ್ತಿಸಿದೆ. ಈ ಷೇರು ಇಟ್ಟುಕೊಂಡಿದ್ದ ಮುಂಬಯಿಯ ಒಂದು ಮ್ಯೂಚುವಲ್ ಫಂಡಿನವರಿಗೂ ಇಮೇಲ್ ಬರೆದೆ. ಅವರೂ ನಿರ್ಣಯಕ್ಕೆ ಒಪ್ಪುವುದಿಲ್ಲ ಅಂತ ಉತ್ತರ ಬಂದ ದಿನ ಖುಷಿಗೆ ಅಂಗಡಿಯಲ್ಲೇ ಕೂಗಿಬಿಟ್ಟೆ.

ಇಷ್ಟಾಗುವಾಗ ಕಂಪನಿಯವರಿಗೆ ಸುದ್ದಿ ಮುಟ್ಟದೆ ಇರುತ್ತದೆಯೇ? ಏರಿಯಾ ಮ್ಯಾನೇಜರ್ ಕಾರಿನಲ್ಲಿ ಬಂದಿಳಿದ. ನನ್ನ ಮುಖ ನೋಡದೆ ಇವರಿಗೆ ಹೇಳಿದ: "ಪ್ರಸನ್ನಕುಮಾರ್, ನಿಮ್ಮ ಅಂಗಡಿಗೆ ಬಿಡಿಭಾಗ ಬರೋದು ನಮ್ಮಿಂದ. ಮೇಡಂಗೆ ಸ್ವಲ್ಪ ಹೇಳಿ. ನಾಳೆ ಮಾಲು ನಿಂತ್ರೆ ನನ್ನನ್ನ ಕೇಳ್ಬೇಡಿ." ಇವರು ತಲೆಬಗ್ಗಿಸಿ ತಂತಿ ಸುತ್ತತೊಡಗಿದರು. ನಾನೇ ಅಂದೆ: "ಸರ್, ಮೇಡಂ ಇಲ್ಲೇ ಇದ್ದಾರೆ, ಅವರಿಗೇ ಹೇಳಿ. ಮಾಲು ಕೊಂಡು ದುಡ್ಡು ಕೊಡೋ ಗಿರಾಕಿ ನಾವು. ನೀವು ದುಡಿಯೋ ಕಂಪನೀಲಿ ಪಾಲುದಾರರೂ ನಾವೇ." ಅವನು ಕನ್ನಡಕ ತೆಗೆದು ಒರೆಸಿಕೊಂಡು ಹೊರಟುಹೋದ.

ಸೆಪ್ಟೆಂಬರಿನ ಕೊನೆಯ ವಾರ ಸಭೆ. ಎಲ್ಲ ಕಂಪ್ಯೂಟರಿನಲ್ಲೇ. ಮಾತಾಡಲು ಮೊದಲೇ ಹೆಸರು ಕೊಟ್ಟಿದ್ದೆ. ಅಂಗಡಿಯೊಳಗೆ ದಾಸಯ್ಯ, ಬಾಬಾಜಾನ್ ಸಾಹೇಬರು, ಪಾವಗಡದಿಂದ ಬಸ್ಸು ಹಿಡಿದು ಬಂದ ಗಂಗಹನುಮಯ್ಯ, ಜೊತೆಗೆ ಇನ್ನಷ್ಟು ಜನ ಸುಟ್ಟ ಮೋಟಾರುಗಳ ಮೇಲೆಯೇ ಕೂತಿದ್ದರು. ಮಾವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಬಂದ ಗಿರಾಕಿಗಳಿಗೆಲ್ಲ "ಒಳಗೆ ಮೀಟಿಂಗ್ ನಡೀತಾ ಐತೆ, ಆಮೇಲೆ ಬನ್ನಿ" ಅನ್ನುತ್ತಿದ್ದರು. ಅವರ ಮುಖದ ಗತ್ತು ನೀನು ನೋಡಬೇಕಿತ್ತು!

ನನ್ನ ಸರದಿ ಬಂತು. "ನಾನು ಮಧುಗಿರಿಯಿಂದ ಲೋಹಿತಾ. ಕನ್ನಡದಲ್ಲೇ ಮಾತಾಡುತ್ತೇನೆ" ಅಂದೆ. ಆ ಕಡೆ ಯಾರೋ ಧ್ವನಿ ಸರಿಯಾಗಿ ಕೇಳುತ್ತಿಲ್ಲ ಅಂದರು. ಇನ್ನೂ ಜೋರಾಗಿ ಕೇಳಿದೆ: "ಅಧ್ಯಕ್ಷರೇ, ಒಂದೇ ಪ್ರಶ್ನೆ. ಈ ಕಾರ್ಖಾನೆ ನಿಮ್ಮ ಅಳಿಯನದಲ್ಲದೆ ಬೇರೆಯವರದಾಗಿದ್ದರೆ, ನಿಮ್ಮ ಸ್ವಂತ ಜೇಬಿನ ಹಣದಲ್ಲಿ ಇದೇ ಬೆಲೆಗೆ ಕೊಳ್ಳುತ್ತಿದ್ದಿರಾ?"

ಅವರು ಪಕ್ಕದಲ್ಲಿದ್ದವರನ್ನು ನೋಡಿದರು. ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಓದತೊಡಗಿದರು. "ಅವ್ವಾ, ಹೌದು ಇಲ್ಲ ಎರಡೂ ಯೋಳ್ಲಿಲ್ಲ ಕಣಮ್ಮ ಆವಯ್ಯ!" ಅಂತ ದಾಸಯ್ಯ ತೊಡೆ ತಟ್ಟಿದರು. ಅಂಗಡಿಯೆಲ್ಲ ನಗು.

ಎರಡು ದಿನಕ್ಕೆ ಫಲಿತಾಂಶ. ನಿರ್ಣಯ ಬಿದ್ದುಹೋಯಿತು ಅಶ್ವಿನಿ! ಅಲ್ಪಸ್ವಲ್ಪದಲ್ಲಲ್ಲ, ಚೆನ್ನಾಗಿಯೇ ಬಿದ್ದಿತು. ಮಧುಗಿರಿಯ ರಸ್ತೆಯಲ್ಲಿ ನನ್ನನ್ನು ಮಾತಾಡಿಸದವರಿಲ್ಲ. ಗಂಗಹನುಮಯ್ಯನವರು ಫೋನಿನಲ್ಲಿ "ಗೆಲ್ಚಾಮು ತಲ್ಲಿ, ಗೆಲ್ಚಾಮು" ಅಂತ ಕೂಗಿದ್ದು ಈಗಲೂ ಕಿವಿಯಲ್ಲಿದೆ. ಸುಮ್ಮನೆ ಇಟ್ಟ ಹಣಕ್ಕೆ ಎಲ್ಲರೂ ಲೆಕ್ಕ ಕೇಳತೊಡಗಿದ ಮೇಲೆ ಕಂಪನಿಗೂ ಬೇರೆ ದಾರಿಯಿರಲಿಲ್ಲ, ಷೇರುದಾರರಿಗೆ ವಿಶೇಷ ಲಾಭಾಂಶ ಘೋಷಿಸಿತು. ಬೆಲೆ ಜಿಗಿಯಿತು. ನಾನು ಅಂಗಡಿಗೆ ಬೇಕಾದಷ್ಟನ್ನು ಮಾತ್ರ ಮಾರಿದೆ. ಮಳಿಗೆಯ ಮಾಲೀಕರು ಮಗಳ ಊರಿಗೆ ಹೋಗುವವರಿದ್ದರು, ಕೊಡುತ್ತೇನೆ ಅಂತ ವರ್ಷದಿಂದ ಹೇಳುತ್ತಿದ್ದರು. ಉಳಿದ ಷೇರು ಹಾಗೇ ಇದೆ. ಕಂಪನಿ ಒಳ್ಳೆಯದು, ಬೆಲೆ ಇನ್ನೂ ಅತಿಯಾಗಿಲ್ಲ, ಯಾಕೆ ಮಾರಲಿ? ಮಾಲೂ ನಿಲ್ಲಲಿಲ್ಲ. ಅದೇ ಮ್ಯಾನೇಜರ್ ಹೋದ ತಿಂಗಳು ಬಂದು "ಮೇಡಂ, ಆರ್ಡರ್ ಎಷ್ಟು ಬರ್ಕೊಳ್ಳಲಿ?" ಅಂತ ನನ್ನನ್ನೇ ಕೇಳಿದ.

ದಾಸಯ್ಯ ಮೊಮ್ಮಗಳ ಹೆಸರಿಗೆ ಪೋಸ್ಟಾಫೀಸಿನಲ್ಲಿ ಖಾತೆ ತೆರೆದಿದ್ದಾರೆ. ಮಾವ ಈಗ ಬೆಳಿಗ್ಗೆ ಎದ್ದು ಪೇಪರಿನಲ್ಲಿ ಮೊದಲು ಷೇರಿನ ಪುಟ ತೆಗೆಯುತ್ತಾರೆ. ಇಷ್ಟಕ್ಕೆಲ್ಲ ನನಗೆ ಎಷ್ಟು ಹಿಗ್ಗಾಗಿದೆ ಅಂದರೆ, ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ಸುಮ್ಮನೆ ಶಟರು ಮುಟ್ಟಿ ಹೋಗುತ್ತೇನೆ.

ಸಂಕ್ರಾಂತಿಗೆ ಮಕ್ಕಳನ್ನು ಕರೆದುಕೊಂಡು ಬಾ. ಅವರಿಗೆ ನನ್ನ ಆಶೀರ್ವಾದ ಹೇಳು, ಚೆನ್ನಾಗಿ ಓದಿ, ತುಂಬ ಆಡಿ, ನಮಗಿಂತ ಧೈರ್ಯವಂತರಾಗಿ ಬೆಳೆಯಲಿ. ನಿನಗೆ ಯಾವ ಕೊರತೆಯೂ ಬಾರದಿರಲಿ.

ನಿನ್ನ
ಲೋಹಿತಾ

ತಾ.ಕ.: ಪತ್ರ ಮಡಚಿ ಕವರಿಗೆ ಹಾಕಿದ್ದೆ, ಮತ್ತೆ ತೆಗೆದೆ. ನಿನಗಲ್ಲದೆ ಯಾರಿಗೆ ಹೇಳಲಿ.

ನೋಂದಣಿಯಾದ ಸಂಜೆ ಅಂಗಡಿಯಲ್ಲಿ ಪೂಜೆ ಮುಗಿದು ಜನರೆಲ್ಲ ಹೋದ ಮೇಲೆ, ಇವರು ನನ್ನ ಕಡೆ ತಿರುಗದೆಯೇ ಹೇಳಿದರು: "ಲೋಹಿತಾ, ನನ್ನ ಹೆಸರಲ್ಲಿರೋ ಷೇರಿಗೆ ನಾನು ಹೌದು ಅಂತ ಹಾಕಿದ್ದೆ ಕಣೆ. ಅವ್ರ ಕಡೆಗೆ."

ನಾನು ತಮಾಷೆ ಅಂದುಕೊಂಡೆ. ಅಲ್ಲ. "ನೀನು ಗೆಲ್ತೀಯ ಅಂತ ನಂಗೆ ಒಂದಿನಾನೂ ಅನ್ಸಿರ್ಲಿಲ್ಲ. ಸೋತ ಮೇಲೆ ಮ್ಯಾನೇಜರ್‌ಗೆ ತೋರ್ಸಾಕೆ ಒಂದು ಓಟಾದ್ರೂ ಇರ್ಲಿ, ಅಂಗಡಿ ಉಳೀಲಿ ಅಂತ ಹಾಕ್ಬುಟ್ಟೆ" ಅಂದರು. ಬಿಸಿಲಲ್ಲಿ ಪಾವಗಡದವರೆಗೂ ಬೈಕಿನಲ್ಲಿ ಕೂರಿಸಿಕೊಂಡು ಹೋದ ಮನುಷ್ಯ, ಅಶ್ವಿನಿ. ದಾರಿಯಲ್ಲಿ ಎಳನೀರು ಕೊಡಿಸಿ, ನನ್ನ ಚೀಲ ತಾವೇ ಹೊತ್ತು, ಒಬ್ಬೊಬ್ಬರ ಮನೆಯ ಮುಂದೆ ಕಾದು ನಿಂತವರು. ಸೋಲುವವಳ ಜೊತೆ ಬಂದಿದ್ದರಂತೆ.

ನಾನು ಜಗಳವಾಡಲಿಲ್ಲ. "ಆಯ್ತು, ಬೀಗ ಹಾಕಿ" ಅಂದೆ. ಮನೆಗೆ ಬಂದು ಅಡುಗೆ ಮಾಡಿದೆ, ಬಡಿಸಿದೆ. ಇವರೂ ಕಣ್ಣಲ್ಲಿ ನೀರು ತುಂಬಿಕೊಂಡೇ ಉಂಡರು. ಓಟು ಹೋದದ್ದಕ್ಕೆ ನನಗೆ ನೋವಿಲ್ಲ, ಅದಿಲ್ಲದೆಯೂ ಗೆದ್ದೆವು. ಒಂದಿನವೂ ಅನಿಸಿರಲಿಲ್ಲವಂತೆ. ನೋವು ಆ ಮಾತಿಗೆ.

ನಿನಗೆ ಅನಿಸಿತ್ತಾ, ನಾನು ಗೆಲ್ಲುತ್ತೇನೆ ಅಂತ? ನಿಜ ಬರಿ.