ಕೊಳೆ ಬಿಡುತ್ತಿದೆ ಎಂದುಕೊಂಡೆ

ಚಾಮರಾಜಪೇಟೆ, ಬೆಂಗಳೂರು
೧೪ ಆಗಸ್ಟ್ ೨೦೨೪, ಬುಧವಾರ

ಮುದ್ದು ಮಗಳು ತೇಜಶ್ರೀಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯ ಕಣೇ? ಕಾರವಾರದ ಮಳೆಯಲ್ಲಿ ಹತ್ತಿಕೊಂಡ ಆ ಕೆಮ್ಮು ಬಿಟ್ಟಿತೇ? ಕಡಲಿಗೆ ಇಳಿಯುವ ಮೊದಲು ಹೊಟ್ಟೆಗೇನಾದರೂ ಹಾಕಿಕೋ, ಬರೀ ಟೀ ಕುಡಿದು ಓಡಬೇಡ. ಇಲ್ಲಿ ನಿನ್ನಮ್ಮನಿಗೆ ಹಬ್ಬದ ಗಡಿಬಿಡಿ, ನನ್ನ ಸಕ್ಕರೆ ಹತೋಟಿಯಲ್ಲಿದೆ. ಭಾನುವಾರ ಫೋನಿನಲ್ಲಿ ನೀನು "ಅಪ್ಪಾ, ಚಿಪ್ಪಿನ ಪೆಟ್ಟಿಗೆ ಹುಷಾರು" ಎಂದಾಗ "ಹೂಂ ಕಣೇ, ಇಟ್ಟಲ್ಲೇ ಇದೆ" ಎಂದೆ. ಸುಳ್ಳು ಹೇಳಿದೆ. ನಿನ್ನ ದನಿ ಕೇಳಿಕೊಂಡು ನಿಜ ಹೇಳಲು ಬಾಯೇ ಬರಲಿಲ್ಲ, ಅದಕ್ಕೇ ಈ ಕಾಗದ.

ಶನಿವಾರ ನಿನ್ನಮ್ಮ ವರಮಹಾಲಕ್ಷ್ಮಿಗೆಂದು ಹಿತ್ತಾಳೆ ಸಾಮಾನೆಲ್ಲ ಹೊರಗೆ ತೆಗೆದಿದ್ದಳು. ಮೂವತ್ತೆರಡು ವರ್ಷದಿಂದ ತರಗುಪೇಟೆಯಲ್ಲಿ ಹುಣಸೆಹಣ್ಣು ಮಾರುತ್ತಿರುವವನು ನಾನು. ಹಬ್ಬದ ಸಾಮಾನು ಬೆಳಗಲು ಇನ್ನೊಬ್ಬರಿಗೆ ಬಿಡುವವನಲ್ಲ, ನಿನಗೆ ಗೊತ್ತಲ್ಲ. ಆಗ, ಲ್ಯಾಬಿನವರು ಬಂದು ಒಯ್ಯುವವರೆಗೆ ಇರಲಿ ಎಂದು ನೀನು ಇಟ್ಟುಹೋಗಿದ್ದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಏಳು ವರ್ಷ ಒಂದೇ ದಡದಲ್ಲಿ ನೀನು ಆರಿಸಿದ ಚಿಪ್ಪುಗಳು, ಹಳದಿಗಟ್ಟಿ, ಕಲೆ ಹಿಡಿದು ಕೂತಿದ್ದವು. ದೊಡ್ಡ ದೊಡ್ಡ ಮೇಷ್ಟ್ರುಗಳ ಮುಂದೆ ನನ್ನ ಮಗಳು ಇಂಥ ಕೊಳಕನ್ನು ಇಡುವುದೇ ಎಂದು ಹಳೇ ಹುಣಸೆಯನ್ನು ಗಟ್ಟಿಯಾಗಿ ಕಿವುಚಿ, ಅಷ್ಟೂ ಚಿಪ್ಪನ್ನು ಆ ರಸದ ಬೇಸಿನ್ನಿಗೆ ಸುರಿದೆ. ಗುಳುಗುಳು ಗುಳ್ಳೆ ಬಂತು. "ನೋಡೇ, ಕೊಳೆ ಹೆಂಗ್ ಬಿಡ್ತಿದೆ!" ಎಂದು ನಿನ್ನಮ್ಮನನ್ನು ಕೂಗಿ ತೋರಿಸಿ, ಖುಷಿಯಾಗಿ ಅಂಗಡಿಗೆ ಹೋದೆ. ಸಂಜೆ ಬಂದು ನೋಡಿದರೆ, ಅಯ್ಯೋ, ಈರುಳ್ಳಿ ಸಿಪ್ಪೆಯಂತಿದ್ದ ಮರಿ ಚಿಪ್ಪುಗಳು ಮುಟ್ಟಿದರೆ ಪುಡಿ. ದೊಡ್ಡವೆಲ್ಲ ಬಿಳಿಚಿ ಮಂಕಾಗಿವೆ. ಒಂದೊಂದರ ಮೇಲೂ ನೀನು ಬರೆದಿದ್ದ ಇಸವಿ ಅಳಿಸಿಹೋಗಿದೆ.

ಯುಗಾದಿಗೆ ಬಂದಾಗ ನೀನು ತಿಳಿಸಿ ಹೇಳಿದ್ದೆ. "ನಮ್ ಹೊಗೆನೆಲ್ಲ ಕಡಲು ಕುಡೀತಿದೆ ಅಪ್ಪಾ. ನೀರು ಒಂಚೂರು ಹುಳಿ ಕಡೆ ವಾಲಿದ್ರೂ ಮರಿಗಳು ಚಿಪ್ಪು ಕಟ್ಕೊಳ್ಳೋಕೆ ಒದ್ದಾಡ್ತವೆ. ಅವು ಹೋದ್ರೆ ಅವನ್ನ ತಿನ್ನೋ ಮೀನೂ ಹೋಗುತ್ತೆ, ಮೀನು ನಂಬ್ಕೊಂಡಿರೋ ಜನ ಏನ್ ಮಾಡ್ಬೇಕು?" ನಾನು "ಹುಣಸೆ ವ್ಯಾಪಾರಿ ಮಗಳು ಹುಳಿಗೆ ಹೆದರ್ತಾಳೆ ನೋಡು" ಎಂದು ಗೇಲಿ ಮಾಡಿದೆ. ನೀನು ನಗಲಿಲ್ಲ. ಅವತ್ತು ತಲೆಗೆ ಹೋಗದ್ದು ಬೇಸಿನ್ನಿನ ಮುಂದೆ ಕೂತಾಗ ಹೋಯಿತು, ಹೋಗಿ ಏನು ಬಂತು? ಬೇರೆ ಆರಿಸಿಕೋ ಎನ್ನುವ ಹಾಗೂ ಇಲ್ಲ. ಮೊದಲ ವರ್ಷದಂಥ ದಪ್ಪ ಚಿಪ್ಪು ಆ ದಡದಲ್ಲಿ ಈಗ ಒಂದೂ ಸಿಗುವುದಿಲ್ಲ ಎಂದವಳು ನೀನೇ. ದಪ್ಪದ್ದು ಹಳೆಯದು, ತೆಳ್ಳಗಿನದು ಹೊಸದು ಎಂದು ಲೆಕ್ಕ ಹಾಕಿ, ಭೂತಗನ್ನಡಿ ಹಿಡಿದು ಜೋಡಿಸಲು ಕೂತೆ. ಯಾವುದನ್ನು ಕಡಲು ತಿಂದಿದೆ, ಯಾವುದನ್ನು ನನ್ನ ಹುಣಸೆ ತಿಂದಿದೆ, ತಿಳಿಯಲೇ ಇಲ್ಲ. ನಿನ್ನ ಏಳು ವರ್ಷವನ್ನು ಒಂದೇ ಹಗಲಲ್ಲಿ ನುಂಗಿ ನೀರು ಕುಡಿದೆನಲ್ಲೇ. ಅವತ್ತಿನಿಂದ ಅನ್ನ ಸೇರುತ್ತಿಲ್ಲ.

ಬೈಯಿ, ಎಷ್ಟು ಬೇಕಾದರೂ ಬೈಯಿ, ಮಾತು ಮಾತ್ರ ಬಿಡಬೇಡ. ನಿನ್ನಮ್ಮ ಕೊಬ್ಬರಿ ಮಿಠಾಯಿ ಕಟ್ಟಿಕೊಟ್ಟಿದ್ದಾಳೆ, ಇದರ ಜೊತೆಗೇ ಇದೆ. ಎಲ್ಲಿದ್ದರೂ ಚೆನ್ನಾಗಿರು ತಾಯಿ.

ನಿನ್ನ ಅಪ್ಪ,
ಶಶಿಕುಮಾರ್

ತಾ.ಕ.: ಕೊರಿಯರ್‌ನವನು ಬಾಗಿಲಲ್ಲಿ ಕಾಯುತ್ತಿದ್ದಾನೆ, ಹೇಳಬೇಕಾದದ್ದನ್ನು ಇನ್ನೂ ಬರೆದೇ ಇಲ್ಲ. ಪೆಟ್ಟಿಗೆ ಮನೆಯಲ್ಲಿಲ್ಲ. ಯಾರಿಗೂ ಗೊತ್ತಾಗದಿರಲಿ ಎಂದು ಅಳಿಸಿಹೋದ ಇಸವಿಗಳನ್ನು ಅಂದಾಜಿನ ಮೇಲೆ ನಾನೇ ಬರೆದಿಟ್ಟಿದ್ದೆ, ನಿನ್ನ ಅಕ್ಷರದ ಹಾಗೆಯೇ. ನಿನ್ನೆ ಲ್ಯಾಬಿನಿಂದ ಗೋಕುಲ್ ಬಂದ, ಕೊಟ್ಟುಬಿಟ್ಟೆ. ಅವನಿಗೆ ಅನುಮಾನವೇ ಬರಲಿಲ್ಲ. ಚಿಪ್ಪಿನ ದಪ್ಪದ ಅಳತೆ ಶುರುವಾಗಿರಬಹುದು, ತಡೆ ಕಣೇ, ಕೂಡಲೇ ತಡೆ. ಕಡಲು ಹಾಳಾಗುತ್ತಿರುವುದು ನಿಜವೇ. ಆದರೆ ಆ ಚಿಪ್ಪುಗಳನ್ನು ಇಟ್ಟುಕೊಂಡು ಹೇಳಿದರೆ ಸುಳ್ಳಿ ಅನ್ನಿಸಿಕೊಳ್ಳುವವಳು ನೀನು.