ಮಂಗಳಕ್ಕೆ ಯಾರೂ ಹೋಗಿಲ್ಲ

ಮನೆ, ಕಿಟಕಿ ಪಕ್ಕದ ಮೇಜು
ಭಾನುವಾರ, ೧೪ ಸೆಪ್ಟೆಂಬರ್

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ನಿದ್ದೆ ಸರಿಯಾಗಿ ಬರುತ್ತಿದೆಯೇ? ಇತ್ತೀಚಿನ ವಿಡಿಯೊ ಸಂದೇಶಗಳಲ್ಲಿ ನಿನ್ನ ಮುಖ ತುಸು ಊದಿದಂತೆ ಕಾಣುತ್ತದೆ. ದೀಪದ ದೋಷವಿರಬಹುದು, ಇಷ್ಟು ತಿಂಗಳು ಬಿಸಿಲು ಕಾಣದ್ದೂ ಇರಬಹುದು. ನನ್ನ ಮಂಡಿ ಮೊದಲಿನಷ್ಟೇ ಮೊಂಡು. ನಿನ್ನ ಯಜಮಾನರು ರಾತ್ರಿಪಾಳಿ ಮುಗಿಸಿ ಬಂದು ಮಲಗಿದ್ದಾರೆ, ಗೊರಕೆ ಈ ಮೇಜಿನವರೆಗೂ ಬರುತ್ತಿದೆ. ನಿನ್ನ ಮಗಳು ಇಲಿಮರಿ ಗಟ್ಟಿಯಾಗಿದ್ದಾಳೆ. ಮುಖ್ಯ ಸುದ್ದಿ ಎಂದರೆ ಓದಲು ಕಲಿತಿದ್ದಾಳೆ. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಅವಳ ಶಾಲೆಯ ಲೈಬ್ರರಿ ಮೇಡಂ ನನಗೊಂದು ಕೆಲಸ ಹಚ್ಚಿದ್ದಾರೆ. ಆಗತಾನೇ ಓದಲು ಕಲಿತ ಮಕ್ಕಳಿಗಾಗಿ ಆಕಾಶದ ಬಗ್ಗೆ ಒಂದು ಕಪಾಟು ಮಾಡಬೇಕು, ಕಥೆ ಬೇಡ, ನಿಜ ಹೇಳುವ ಪುಸ್ತಕಗಳೇ ಬೇಕು ಎಂದರು. ಜೀವಮಾನವೆಲ್ಲ ಬೇರೆಯವರ ಕರಡು ತಿದ್ದಿದವನು ಇದಕ್ಕೆ ಲಾಯಕ್ಕು ಎಂದು ಅವರ ಎಣಿಕೆ. ಆರಿಸುವುದು ಸುಲಭವಲ್ಲ. ಸೂರ್ಯನಿಗೆ ಕಣ್ಣು ಮೂಗು ಬರೆದ ಪುಸ್ತಕವನ್ನು ಮೊದಲೇ ಬದಿಗಿಟ್ಟೆ. ಗ್ರಹಗಳು ಇನ್ನೂ ಒಂಬತ್ತು ಎನ್ನುವುದನ್ನೂ ಇಟ್ಟೆ. ಒಂದು ಪುಟಕ್ಕೆ ಒಂದೇ ವಾಕ್ಯ, ದಪ್ಪ ಅಕ್ಷರ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಪ್ರಾಮಾಣಿಕತೆ, ಇಷ್ಟಿದ್ದರೆ ನನಗೆ ಸಾಕು. ಕೊನೆಯ ಪರೀಕ್ಷೆ ಇಲಿಮರಿಯದು. ಚಿತ್ರಕ್ಕೆ ರಟ್ಟು ಮುಚ್ಚಿ ವಾಕ್ಯವನ್ನಷ್ಟೇ ಓದಿಸುತ್ತೇನೆ, ಇಲ್ಲವಾದರೆ ಚಿತ್ರ ನೋಡಿ ಊಹಿಸಿಬಿಡುತ್ತಾಳೆ, ಕಳ್ಳಿ. ಗುರುತ್ವಾಕರ್ಷಣೆ ಬಂದಾಗ ‘ಈ ಪದಕ್ಕೆ ಕಾಲು ಜಾಸ್ತಿ ತಾತ, ಅದೇ ಓಡಿಹೋಗಲಿ ಬಿಡು’ ಎಂದಳು. ಓದಿದ ಮೇಲೆ ಒಂದು ಪ್ರಶ್ನೆ ಕೇಳಲು ನಾನೇ ಕಲಿಸಿದ್ದೇನೆ: ಇವರಿಗೆ ಹೇಗೆ ಗೊತ್ತು? ಈಗ ಮೊಸರು ಹುಳಿಯಾಗಿದೆ ಎಂದರೂ ಅದನ್ನೇ ಕೇಳುತ್ತಾಳೆ.

ಹೋದ ಸೋಮವಾರ ಎಲ್ಲ ಪರೀಕ್ಷೆಯಲ್ಲೂ ಗೆದ್ದ ಪುಸ್ತಕವೊಂದು ಸಿಕ್ಕಿತು. ನಡುವಿನ ಪುಟ ಮಂಗಳದ್ದು. ರಟ್ಟು ಇಟ್ಟೆ. ಅವಳು ಬೆರಳಿಟ್ಟು ಓದಿದಳು: ‘ಮಂಗಳಕ್ಕೆ ಮನುಷ್ಯರು ಯಾರೂ ಇನ್ನೂ ಹೋಗಿಲ್ಲ. ಯಂತ್ರಗಳು ಮಾತ್ರ ಹೋಗಿವೆ.’ ಆ ಪುಟಕ್ಕೆ ಎರಡು ವಾಕ್ಯವಿತ್ತು, ನಾನು ಆಗಲೇ ಎಚ್ಚರಾಗಬೇಕಿತ್ತು. ಅವಳು ಇನ್ನೊಮ್ಮೆ ಓದಿ, ರಟ್ಟನ್ನು ತೆಗೆಯದೆ ಕೇಳಿದಳು, ‘ಇದು ನಿಜದ ಪುಸ್ತಕ ತಾನೆ?’ ಹೌದು ಎಂದೆ. ‘ಹಾಗಾದ್ರೆ ಅಮ್ಮ ಮನುಷ್ಯ ಅಲ್ಲ.’

ನೀನು ಹೊರಟ ದಿನ ಬಾಗಿಲಲ್ಲಿ ನಿಂತು ಅವಳಿಗೆ ಹೇಳಿದ್ದು ನೆನಪಿದೆಯಲ್ಲ, ಅಮ್ಮ ಮಂಗಳಕ್ಕೆ ಹೋಗಿಬರ್ತಾಳೆ ಎಂದು. ಊರಾಚೆಯ ಮುಚ್ಚಿದ ಕಟ್ಟಡದಲ್ಲಿ ವರ್ಷವಿಡೀ ನಡೆಯುವ ತಾಲೀಮು ಎಂದರೆ ಅಷ್ಟು ಚಿಕ್ಕ ಮಗುವಿಗೆ ಏನು ತಿಳಿದೀತು ಎಂದು ನಾವೆಲ್ಲ ತಲೆಯಾಡಿಸಿದೆವು. ಈಗ ಕೂರಿಸಿಕೊಂಡು ಇದ್ದದ್ದನ್ನು ಇದ್ದಂತೆ ಹೇಳಿದೆ. ಅಮ್ಮ ಎಲ್ಲಿಗೂ ಹೋಗಿಲ್ಲ, ಹೋದಂತೆ ಅಭ್ಯಾಸ ಮಾಡುತ್ತಿದ್ದಾಳೆ, ನಿಜವಾಗಿ ದೂರವಿದ್ದರೆ ಎಷ್ಟು ತಡವಾಗುತ್ತಿತ್ತೋ ಅಷ್ಟು ತಡಮಾಡಿ ಮಾತುಗಳನ್ನು ಕಳಿಸುತ್ತಾರೆ ಎಂದೆ. ಅವಳು ಸಮಾಧಾನವಾಗಿ ಕೇಳಿಸಿಕೊಂಡಳು. ‘ಹತ್ತಿರ ಇದ್ದಿದ್ರೆ ಅಮ್ಮ ಬೇಗ ಮಾತಾಡ್ತಿದ್ದಳು’ ಎಂದಳು. ಅಂದಿನಿಂದ ನಿನ್ನ ಸಂದೇಶ ಬಂದಾಗ ಮಡಿಲಿಗೆ ಬರುವುದಿಲ್ಲ. ಪರದೆಗೆ ಮೂಗು ತಾಗಿಸಿ ನೀನು ಕಣ್ಣು ಮಿಟುಕಿಸುವುದನ್ನು ನೋಡುತ್ತಾಳೆ. ಅಮ್ಮ ಎನ್ನುವುದಿಲ್ಲ, ‘ಪರದೆಯಲ್ಲಿರೋದು’ ಎನ್ನುತ್ತಾಳೆ.

ಕಣ್ಣಾರೆ ಕಂಡರೆ ನಂಬುತ್ತಾಳೆಂದು ಗುರುವಾರ ಬಸ್ಸಿನಲ್ಲಿ ನಿಮ್ಮ ಕಟ್ಟಡದ ಹತ್ತಿರ ಕರೆದುಕೊಂಡು ಬಂದಿದ್ದೆ. ನಿನಗೆ ಯಾರಾದರೂ ತಿಳಿಸಿದರೋ ಇಲ್ಲವೋ. ಕಾವಲುಗಾರ ಒಳ್ಳೆಯ ಮನುಷ್ಯ, ‘ಗೋಡೆಗೇನಾಗುತ್ತೆ, ಮುಟ್ಟಲಿ ಬಿಡಿ ಯಜಮಾನರೇ’ ಎಂದ. ಉದ್ದನೆಯ ಬೂದುಗೋಡೆ, ಕಿಟಕಿಯೇ ಇಲ್ಲ. ಇಲಿಮರಿ ಬೆರಳಗಂಟಿನಿಂದ ತಟ್ಟಿ ಕಿವಿಯಿಟ್ಟಳು. ತುಂಬ ಹೊತ್ತು ಹಾಗೇ ಇದ್ದಳು. ಆಮೇಲೆ ನನ್ನ ಕೈ ಹಿಡಿದು, ಸಮಾಧಾನಪಡಿಸುವವಳ ಹಾಗೆ, ‘ಒಳಗೆ ಯಾರೂ ಇಲ್ಲ ತಾತ, ಬರೀ ಮೆಷಿನ್ನು’ ಎಂದಳು. ನಾನೂ ಕಿವಿಯಿಟ್ಟೆ. ಗುಂಯ್ ಎನ್ನುವ ಒಂದೇ ಸ್ವರ. ಮನುಷ್ಯರಿರುವ ಕಟ್ಟಡದಲ್ಲಿ ಒಂದು ಕೆಮ್ಮಾದರೂ ಇರುತ್ತದೆ, ಏನಾದರೂ ಬೀಳುತ್ತದೆ. ಗೋಡೆ ದಪ್ಪವಿರಬೇಕು ಎಂದುಕೊಂಡೆ. ಬಸ್ಸಿನಲ್ಲಿ ಹಿಂದಿರುಗುವಾಗ ಆ ಮಾತನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆ ಪುಸ್ತಕವನ್ನು ಕಪಾಟಿನಿಂದ ತೆಗೆಯಲೇ ಎಂದು ಮೇಡಂ ಕೇಳಿದರು. ಬೇಡ, ಅದರಲ್ಲಿ ತಪ್ಪೇನೂ ಇಲ್ಲ ಎಂದೆ. ಮುಂದಿನ ತಿಂಗಳು ನಿಮ್ಮ ಬಾಗಿಲು ತೆರೆಯುತ್ತದೆ. ನೀನು ಹೊರಬಂದು ಕೈ ಚಾಚಿದಾಗ ಮಗು ನನ್ನ ಬೆನ್ನ ಹಿಂದೆ ಅವಿತುಕೊಂಡರೆ ನಿನ್ನ ಎದೆ ಒಡೆದುಹೋಗುತ್ತದೆ. ಪ್ರಯಾಣದಲ್ಲಿದ್ದೇವೆ ಎಂಬಂತೆಯೇ ಮಾತಾಡಬೇಕೆನ್ನುವುದು ನಿಮ್ಮ ನಿಯಮ, ಬಲ್ಲೆ. ನಿಯಮ ಮುರಿದಾದರೂ ಒಂದು ಸಾಲು ಹೇಳಮ್ಮಾ: ನಾನು ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದ್ದೀನಿ ಎಂದು. ಅವಳು ತನ್ನ ಕಿವಿಯಿಂದ ಕೇಳಲಿ.

ಹೊಟ್ಟೆ ತುಂಬ ಊಟ ಮಾಡು, ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡ. ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಎಲ್ಲಿದ್ದರೂ ಸುಖವಾಗಿರು.

ಇಂತಿ ನಿನ್ನ
ಅಪ್ಪ

ಮರೆತದ್ದು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಮತ್ತೆ ಬಿಚ್ಚಿದ್ದೇನೆ. ನಿನ್ನೆ ಸಂಜೆ ಬಂದ ಸಂದೇಶದಲ್ಲಿ ನೀನು ನಕ್ಕು, ‘ಪೆನ್ಸಿಲ್ ಕಚ್ಚಿ ಹಲ್ಲು ಬೀಳಿಸಿಕೊಂಡ್ಯಲ್ಲೇ ಇಲಿಮರಿ, ಎಲ್ಲಿ, ಬಾಯಿ ತೆಗಿ ನೋಡೋಣ’ ಎಂದೆ. ನಮಗೆ ಅರ್ಥವಾಗಲಿಲ್ಲ. ಅವಳು ಬಾಯಿ ತೆರೆದು ತೋರಿಸಿದಳು, ಎಲ್ಲ ಹಲ್ಲೂ ಇದ್ದವು, ಒಂದೂ ಅಲ್ಲಾಡುತ್ತಿರಲಿಲ್ಲ. ಈಗ ತಾನೇ, ನಾನು ಅಂಟು ಹಚ್ಚುತ್ತಿದ್ದಾಗ, ಎದುರಿಗೆ ಶನಿಯ ಪುಸ್ತಕ ಓದುತ್ತ ಕೂತವಳು ಪೆನ್ಸಿಲ್ ಕಚ್ಚಿದಳು. ಕೆಳಗಿನ ಮುಂದಿನ ಹಲ್ಲು ಬಿತ್ತು. ಅಳಲಿಲ್ಲ. ಹಲ್ಲನ್ನು ಪುಟದ ಮೇಲಿಟ್ಟು ನನ್ನನ್ನು ನೋಡಿ, ‘ಪರದೆಯಲ್ಲಿರೋದಕ್ಕೆ ಹೇಗೆ ಗೊತ್ತು ತಾತ?’ ಎಂದಳು. ಅದರ ಉತ್ತರ ನೀನೇ ಬರೆ. ಬಾಗಿಲು ತೆರೆಯುವ ಮೊದಲು ಬರೆ.